ಕೆಂಗುಡ್ಡದ ಸರಕಾರಿ ಬಳೆ

ನಷ್ಟದ ಲೆಕ್ಕವನ್ನು ಎಲ್ಲರೂ ಎರಡು ಸಲ ಕೂಡಿ ನೋಡುತ್ತಾರೆ; ಲಾಭದ ಲೆಕ್ಕವನ್ನು ಒಂದೇ ಸಲ. ಲೋಕದ ಮುಕ್ಕಾಲು ಪಾಲು ತಪ್ಪು ಈ ಅಭ್ಯಾಸದ ನೆರಳಿನಲ್ಲಿಯೇ ಬೆಳೆಯುತ್ತದೆ. ಕೆಂಗುಡ್ಡದ ಹಂಪಮ್ಮನಿಗೆ ಆ ಅಭ್ಯಾಸವಿರಲಿಲ್ಲ. ಒಳ್ಳೆಯ ಸುದ್ದಿ ಬಂದರೆ, ಸಂತೆಯ ಬದನೆಕಾಯಿಯನ್ನು ತಿರುವಿ ತೂತು ಹುಡುಕುವಂತೆ, ಆಕೆ ಮೊದಲು ಅದರ ಹಿಂಬದಿಯನ್ನು ನೋಡುವಳು.

ಅಂದು ಬೆಳಿಗ್ಗೆ ಮಾತೃರಕ್ಷಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಪೇಢೆ ಹಂಚುತ್ತಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಮುರುಗೇಂದ್ರ ತಾನೇ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಿದ್ದ.

"ತಗೊಳ್ಳಿ ಹಂಪಮ್ಮನವರೇ. ಇಡೀ ಜಿಲ್ಲೆಯಲ್ಲಿ ನಮ್ಮ ಕೆಂಗುಡ್ಡದ ಬಸುರಿಯರದೇ ಅತ್ಯುತ್ತಮ ರಕ್ತ. ರಾಜಧಾನಿಯಿಂದ ತಂಡ ನೋಡೋಕೆ ಬರ್ತಿದೆ."

"ಯಾಕೆ ಸಾರ್?"

"ಯಾಕೆ ಅಂದ್ರೆ? ಸಿಹಿ ತಿನ್ನೋದಕ್ಕೂ ಕಾರಣ ಬೇಕಾ ನಿಮಗೆ?"

"ಸಿಹಿಗಲ್ಲ ಸಾರ್. ರಕ್ತ ಯಾಕ ಏರಿತು ಅಂತ ಕೇಳಿದೆ."

ಡಾಕ್ಟರ್ ನಕ್ಕ. ಹಂಪಮ್ಮ ಪೇಢೆಯನ್ನು ತೆಗೆದುಕೊಂಡಳು. ತಿನ್ನದೆ ಕಾಗದದ ಮೇಲೆ ಇಟ್ಟಳು. ಪಕ್ಕದ ಮೇಜಿನ ಯಂತ್ರತಜ್ಞ ಪಾಲಾಕ್ಷ, "ಅಮ್ಮಾ, ಅದರಾಗ ವಿಷ ಇಲ್ರೀ, ನಾನು ಆಗಲೇ ಎರಡು ತಿಂದೀನಿ," ಎಂದ.

ಕೆಂಗುಡ್ಡ ಗಣಿಯ ಊರು. ಗುಡ್ಡ ಕೆಂಪು, ದಾರಿ ಕೆಂಪು, ಒಗೆದು ಒಣಗಿಸಿದ ಪಂಚೆಯೂ ಸಂಜೆಯ ಹೊತ್ತಿಗೆ ಕೆಂಪು. ಚಾಲಕರಿಲ್ಲದ ಗಾಡಿಗಳು ಹಗಲಿರುಳು ಆ ಮಣ್ಣಿನ ಕಬ್ಬಿಣವನ್ನು ಹೊತ್ತು ಬಂದರಿನ ಕಡೆಗೆ ಸಾಗುತ್ತಿದ್ದವು. ಕಬ್ಬಿಣವಿಲ್ಲದ್ದು ಒಂದೇ ಜಾಗದಲ್ಲಿ, ಊರಿನ ಹೆಂಗಸರ ರಕ್ತದಲ್ಲಿ. ಗಂಡಸರು ಉಂಡ ಮೇಲೆ ಉಂಡು, ಗುಳಿಗೆ ನುಂಗಿದ ಬೆನ್ನಿಗೇ ಚಹಾ ಕುಡಿದು, ಗುಳಿಗೆಯಿಂದ ಕೂಸು ಕಪ್ಪಾಗುತ್ತದೆಂದು ಅರ್ಧ ಗುಳಿಗೆಯನ್ನು ತಿಪ್ಪೆಗೆ ಎಸೆದು, ಬಿಳಿಚಿದ ಮುಖ ಹೊತ್ತು ಹೆರಿಗೆಗೆ ಹೋಗುವುದು ಅಲ್ಲಿನ ರೂಢಿಯಾಗಿತ್ತು. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ. ಕೊಡ ತುಂಬಿದ್ದವಳಿಗೆ ಒಂದು ತಂಬಿಗೆ ಚೆಲ್ಲಿದರೆ ಚಿಂತೆಯಿಲ್ಲ. ತಳದಲ್ಲಿ ಒಂದೇ ತಂಬಿಗೆ ಉಳಿದವಳ ಗತಿಯೇನು? ಕಳೆಯುವ ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆಂದೇ ಬಂದದ್ದು ಸರಕಾರಿ ಬಳೆ. ಮೊದಲು ಕೈಗಡಿಯಾರದಂಥ ಪಟ್ಟಿಯನ್ನು ಕೊಟ್ಟು ನೋಡಿದ್ದರು. ರೊಟ್ಟಿ ಬಡಿಯುವಾಗ ಹೆಂಗಸರು ಅದನ್ನು ಬಿಚ್ಚಿ ಗೂಡಿನಲ್ಲಿಟ್ಟು ಮರೆಯುತ್ತಿದ್ದರು. ಬಸುರಿ ತನ್ನ ಕೈಯ ಬಳೆಯನ್ನು ಹೆರಿಗೆಯವರೆಗೆ ಬಿಚ್ಚುವುದಿಲ್ಲ ಎಂಬ ಸಂಪ್ರದಾಯ ಯಾರಿಂದಲೋ ತಿಳಿದು, ಯಂತ್ರವನ್ನು ಬಳೆಯ ಆಕಾರದಲ್ಲಿಯೇ ಮಾಡಿದರು. ಬೂದಿ ಬಣ್ಣದ, ಕೀಲುಳ್ಳ ಬಳೆ. ಒಳಮೈಯಲ್ಲಿ ಸಾಸಿವೆ ಗಾತ್ರದ ಗಾಜಿನ ಕಣ್ಣು. ಆ ಕಣ್ಣು ಚರ್ಮದೊಳಕ್ಕೆ ಎರಡು ಬೆಳಕುಗಳನ್ನು ಬಿಡುವುದು. ಒಂದು ಕೆಂಪು, ಇನ್ನೊಂದು ನಮ್ಮ ಕಣ್ಣಿಗೆ ಕಾಣದ್ದು. ಕಾಣದ ಬೆಳಕು ಸರಿಯಾಗಿ ಮರಳಿದರೆ ಬಳೆ ಕೈಯಲ್ಲಿದೆ ಎಂದು ಅರ್ಥ. ಕೆಂಪು ಬೆಳಕು ಎಷ್ಟು ಕಡಿಮೆ ಮರಳಿತೋ ಅಷ್ಟು ಹೆಚ್ಚು ರಕ್ತ ಅದನ್ನು ನುಂಗಿದೆ ಎಂದು ಅರ್ಥ. ಮೈಯ ಬಿಸಿ ತಾಗುತ್ತಿರಬೇಕು, ಅಷ್ಟೆ. ಲೆಕ್ಕ ತಾನಾಗಿ ನಿಯಂತ್ರಣ ಕೊಠಡಿಯ ಗೋಡೆಯಗಲದ ಫಲಕಕ್ಕೆ ಬಂದು ಬೀಳುವುದು. ಒಬ್ಬೊಬ್ಬ ಬಸುರಿಗೆ ಒಂದೊಂದು ಚುಕ್ಕಿ. ಹಸಿರು ಚುಕ್ಕಿಯವಳು ನಿಶ್ಚಿಂತೆಯಿಂದ ಹತ್ತಿರದ ಹೆರಿಗೆಮನೆಗೆ ಹೋಗಬಹುದು. ಕೆಂಪು ಚುಕ್ಕಿಯವಳ ಮನೆ ಬಾಗಿಲಿಗೆ ವ್ಯಾನು ಬಂದು ರಕ್ತನಾಳಕ್ಕೆ ಕಬ್ಬಿಣದ ಹನಿ ಏರಿಸುವುದು. ಆಕೆಯ ಹೆರಿಗೆಯೂ ರಕ್ತದ ಸಂಗ್ರಹವಿರುವ ಜಿಲ್ಲಾ ಆಸ್ಪತ್ರೆಯಲ್ಲಿಯೇ.

ಬಳೆ ಬಂದ ಮೇಲೆ ಬೆರಳು ಚುಚ್ಚಿ ನೋಡುವ ಪದ್ಧತಿ ನಿಂತಿತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡುವ ದಾದಿಯರೂ ಹಾಗೆ ನೋಡುವುದನ್ನು ಬಿಟ್ಟರು. ಸುಸ್ತು ಎಂದ ಸೊಸೆಯ ಮುಖವನ್ನು ಅತ್ತೆ ನೋಡುತ್ತಿರಲಿಲ್ಲ. ಫೋನು ತೆಗೆದು ಚುಕ್ಕಿಯನ್ನು ನೋಡುತ್ತಿದ್ದಳು.

ಹಿಂದೆ ದಾದಿಯಾಗಿದ್ದ ಹಂಪಮ್ಮನ ಕೆಲಸ ಈಗ ಈ ಚುಕ್ಕಿಗಳ ತಾಳೆ ನೋಡುವುದು. ಆಕೆಗೆ ಕಂಡದ್ದು ಇಷ್ಟು: ಕೆಂಗುಡ್ಡದ ಹೆಂಗಸರ ರಕ್ತ ಮೆಲ್ಲಮೆಲ್ಲನೆ ಏರಿರಲಿಲ್ಲ. ಒಬ್ಬೊಬ್ಬಳದೂ ಒಂದೇ ದಿನದಲ್ಲಿ ಜಿಗಿದಿತ್ತು. ಹೊಟ್ಟೆಗೆ ಬಿದ್ದ ಕಬ್ಬಿಣ ಮಜ್ಜೆಯನ್ನು ಮುಟ್ಟಿ ಕೆಂಪು ಕಣವಾಗಿ ಹೊರಬರಲು ವಾರಗಳು ಬೇಕು. ಹುಣಸೆ ಬೀಜ ಊರಿದ ಮರುದಿನ ಹಣ್ಣು ಬಡಿದೆ ಎಂದರೆ ಯಾರು ನಂಬಬೇಕು?

"ಪಾಲಾಕ್ಷ, ರಕ್ತ ಒಮ್ಮೆಗೇ ಇಳಿದರ ಯಂತ್ರ ಏನು ಮಾಡ್ತದ?"

"ಮನಿಗೆ ಫೋನ್ ಹಚ್ಚಿ, ಬಳಿ ಸರಿಯಾಗಿ ಹಾಕ್ಕೊಂಡೀರೇನು ಅಂತ ಕೇಳ್ತದರೀ."

"ಒಮ್ಮೆಗೇ ಏರಿದರ?"

ಪಾಲಾಕ್ಷ ಬಾಯಿಯಲ್ಲಿದ್ದ ಪೇಢೆಯನ್ನು ನುಂಗಿದ. "ಏರಿದರ ಯಾಕ ಕೇಳ್ಬೇಕ್ರೀ? ಏರ್ಲಿ ಅಂತನ ಅಲ್ಲೇನ್ರೀ ಇದನ್ನ ಮಾಡಿದ್ದು?"

ಸೋಲನ್ನು ತಾಳೆ ನೋಡುವ ನಿಯಮವಿತ್ತು. ಗೆಲುವನ್ನು ತಾಳೆ ನೋಡುವ ನಿಯಮವಿರಲಿಲ್ಲ. ಹಂಪಮ್ಮ ಪೇಢೆಯನ್ನು ಪಾಲಾಕ್ಷನ ಕಡೆಗೆ ತಳ್ಳಿದಳು.

ಮನೆಯಲ್ಲಿಯೂ ಆಕೆಯ ಅನುಮಾನಕ್ಕೆ ಮೇವು ಕಾದಿತ್ತು.

ಸೊಸೆ ಹುಲಿಗೆಮ್ಮ ತುಂಬು ಬಸುರಿ. ಚೊಚ್ಚಲು. ಸೀಮಂತದ ಕುಬುಸ ಕಾರ್ಯ ಮುಗಿದಿತ್ತು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಓಣಿಯ ಮುತ್ತೈದೆಯರೆಲ್ಲ ಆರತಿ ಎತ್ತಿದ್ದರು. ಬರುವ ಸೋಮವಾರ ಆಕೆ ಹೊಳೆಯಾಚೆಯ ತವರಿಗೆ ಹೋಗುವವಳಿದ್ದಳು. ಅಲ್ಲಿರುವುದು ಸಣ್ಣ ಹೆರಿಗೆಮನೆ, ರಕ್ತದ ಸಂಗ್ರಹವಿಲ್ಲ. ಆದರೇನು, ಆಕೆಯ ಚುಕ್ಕಿ ಹಸಿರು. ಕುಬುಸಕ್ಕೆ ಮೊದಲು ಅದು ಕೆಂಪಾಗಿತ್ತು, ವ್ಯಾನು ಬಂದು ಕಬ್ಬಿಣದ ಹನಿ ಏರಿಸುತ್ತಿತ್ತು. ಹಸಿರಾದ ಮೇಲೆ ವ್ಯಾನು ನಿಂತಿತು.

ಹಂಪಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಅಡಿಗೆಮನೆಯಿಂದ 'ಕಟಂ' ಎಂದು ಸದ್ದಾಯಿತು. ಮತ್ತೊಮ್ಮೆ 'ಕಟಂ'.

"ಏನು ತಿನ್ನಾಕತ್ತೀಯವ್ವಾ?"

"ಏನಿಲ್ರೀ ಅತ್ತಿ." ಹುಲಿಗೆಮ್ಮನ ಕೆನ್ನೆ ಉಬ್ಬಿತ್ತು.

"ಏನಿಲ್ಲದ್ದು ಹಂಗ ಸಪ್ಪಳ ಮಾಡ್ತದೇನು? ಬಾಯಿ ತಗಿ."

ಹುಲಿಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಸೆರಗಿಗೆ ಬೂದುಬಿಳಿ ಪುಡಿ ಹತ್ತಿತು. ಬಳಪ. ಸಾರಿನ ಪುಡಿಯ ಡಬ್ಬಿಯ ಹಿಂದೆ ಇನ್ನೂ ಒಂದು ಪೊಟ್ಟಣವಿತ್ತು.

ಹೊರಗಿನ ಕೋಣೆಯಲ್ಲಿ ಪರದೆಯ ಮುಂದೆ ಕುಳಿತು ಗಣಿಯ ಗಾಡಿಗಳನ್ನು ದೂರದಿಂದಲೇ ತಿರುಗಿಸುತ್ತಿದ್ದ ಮಗ ಕೊಟ್ರೇಶ ಅಲ್ಲಿಂದಲೇ ಕೂಗಿದ: "ತಿನ್ಲಿ ಬಿಡವ್ವಾ. ಒಳಗಿರೋದು ಅಕ್ಷರ ಕಲೀತಿರಬೇಕು!"

"ನಿನ್ನ ಗಾಡಿ ನೋಡ್ಕೋ ನೀ, ಹಳ್ಳಕ್ಕ ಬೀಳಿಸೀಯ," ಎಂದಳು ಹಂಪಮ್ಮ. ಆದರೆ ಕಣ್ಣು ಸೊಸೆಯ ಮೇಲೆಯೇ ಇತ್ತು. ಹುಲಿಗೆಮ್ಮ ಕೊಡ ಎತ್ತಲು ಬಗ್ಗಿದಳು, ಎತ್ತಲಿಲ್ಲ. ಗೋಡೆ ಹಿಡಿದು ನಿಂತಳು. ನಿಂತಲ್ಲಿಯೇ ಮೆಟ್ಟಿಲು ಹತ್ತಿದವಳಂತೆ ಉಸಿರು ಬಿಡುತ್ತಿದ್ದಳು.

"ಸುಸ್ತೇನು?"

"ಸುಸ್ತಂದರ ಇವರು ನಗ್ತಾರ್ರೀ. ಚುಕ್ಕಿ ಹಸಿರೈತಿ, ನಾಟಕ ಮಾಡಬ್ಯಾಡ ಅಂತಾರ."

"ಐತಿ ಅಂದರ ಐತಿ ಅಲ್ಲೇನವ್ವಾ?" ಎಂದ ಕೊಟ್ರೇಶ. "ಸರಕಾರ ಸುಳ್ಳು ಹೇಳ್ತದ?"

ಹಂಪಮ್ಮ ಕೊಡವನ್ನು ತಾನೇ ಎತ್ತಿಟ್ಟಳು. ರಕ್ತ ತುಂಬಿದವಳಿಗೆ ಬಳಪದ ಬಯಕೆ ಇಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಕಬ್ಬಿಣ ಕಡಿಮೆಯಾದ ಮೈ ಮಣ್ಣು, ಸುಣ್ಣ, ಬಳಪಗಳನ್ನು ಬೇಡುವುದನ್ನು ಆಕೆ ದಾದಿಯಾಗಿದ್ದಾಗ ಎಷ್ಟೋ ಮನೆಗಳಲ್ಲಿ ಕಂಡಿದ್ದಳು. ಮೈ ಹೇಳುವುದು ಒಂದು, ಬಳೆ ಹೇಳುವುದು ಇನ್ನೊಂದು. ಎರಡರಲ್ಲಿ ಒಂದು ಸುಳ್ಳು. ಬಳೆ ಯಂತ್ರ, ಅದಕ್ಕೆ ಸುಳ್ಳು ಹೇಳಲು ಕಾರಣವಿಲ್ಲ. ಕಾರಣವಿದ್ದದ್ದು ಹುಲಿಗೆಮ್ಮನಿಗೆ. ಕಬ್ಬಿಣದ ಹನಿ ಏರಿಸುವಾಗ ಕೈ ಸೆಳೆತ ಬರುತ್ತದೆಂದು ಆಕೆ ಅತ್ತಿದ್ದಳು. ಕೆಂಪು ಚುಕ್ಕಿಯಾದರೆ ತವರು ತಪ್ಪಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕೆಂದು ಮುಖ ಸಣ್ಣ ಮಾಡಿದ್ದಳು. ಬಳೆಗೆ ಕೀಲಿದೆ. ಮುಟ್ಟಿದರೆ ಬಿಚ್ಚುತ್ತದೆ. ಓಣಿಯಲ್ಲಿ ಗಟ್ಟಿಮುಟ್ಟಾದ ಗೆಳತಿಯರಿದ್ದಾರೆ.

ಅಂದಿನಿಂದ ಹಂಪಮ್ಮ ಸೊಸೆಯ ಮುಖವನ್ನು ಬಿಟ್ಟು ಮುಂಗೈಯನ್ನು ಕಾಯತೊಡಗಿದಳು. ನೀರು ಹಾಕುವ ನೆವದಲ್ಲಿ ನೋಡಿದಳು. ತಲೆ ಬಾಚುವ ನೆವದಲ್ಲಿ ನೋಡಿದಳು. ಗಾಜಿನ ಹಸಿರು ಬಳೆಗಳ ನಡುವೆ ಸರಕಾರಿ ಬಳೆ ಪ್ರತಿ ಸಲವೂ ಅಲ್ಲಿಯೇ ಇತ್ತು. ಕಳ್ಳ ಸಿಗದಿದ್ದರೆ ಕಳವಾಗಿಲ್ಲವೆಂದು ತಿಳಿಯುವುದು ಎಲ್ಲರ ದಾರಿ. ಕಳ್ಳ ಜಾಣನಿದ್ದಾನೆಂದು ತಿಳಿಯುವುದು ಹಂಪಮ್ಮನ ದಾರಿ.

ಎರಡು ದಿನಗಳ ಮೇಲೆ ಆಕೆ ಪಾಲಾಕ್ಷನಿಗೆ ಹೇಳಿದಳು: "ರಕ್ತ ಜಿಗಿದವರನ್ನಷ್ಟ ತಗಿ. ಯಾರದ್ದು ಮೊದಲು, ಯಾರದ್ದು ಆಮ್ಯಾಲೆ, ಹಂಗ ಜೋಡಿಸು."

ಫಲಕದ ಮೇಲೆ ಚುಕ್ಕಿಗಳು ಸಾಲಾದವು. ಜಿಲ್ಲೆಯ ಉಳಿದ ಊರುಗಳಲ್ಲಿ ಇಂಥ ಜಿಗಿತ ಒಂದೂ ಇರಲಿಲ್ಲ. ಕೆಂಗುಡ್ಡದಲ್ಲಿ ಮಾತ್ರ, ಅದೂ ಕುಬುಸವಾದವರಲ್ಲಿ ಮಾತ್ರ. ಪಾಲಾಕ್ಷ ಸಾಲಿನ ತುದಿಗೆ ಬೆರಳಿಟ್ಟು, ಹೆಸರು ಓದಲು ಹೋಗಿ, ಓದದೆ ಸುಮ್ಮನಾದ.

"ಓದು."

"ಮೊದಲಿನಾಕಿ... ನಿಮ್ಮ ಮನಿಯಾಕಿನ ಅದಾಳರೀ."

ಹಂಪಮ್ಮ ಸಾಲನ್ನು ಕೊನೆಯವರೆಗೆ ಓದಿದಳು. ಹುಲಿಗೆಮ್ಮ ತಾನು ಮಾಡಿದ್ದಷ್ಟೇ ಅಲ್ಲ, ಊರಿಗೆಲ್ಲ ಕಲಿಸಿದ್ದಾಳೆ!

ಆಕೆ ನೇರವಾಗಿ ಡಾಕ್ಟರ್ ಕೋಣೆಗೆ ಹೋದಳು. "ಸಾರ್, ಒಬ್ಬಿಬ್ಬರ ಬೆರಳು ಚುಚ್ಚಿ ನೋಡೋಣ. ನನ್ನ ಸೊಸಿಯಿಂದನ ಶುರು ಮಾಡೋಣ."

"ಸೂಜಿ, ರಕ್ತ ಪರೀಕ್ಷೆಯ ಪಟ್ಟಿ ಎಲ್ಲಾ ಜಿಲ್ಲಾ ಆಸ್ಪತ್ರೆಯಲ್ಲಿವೆ. ಅಲ್ಲಿ ಪರೀಕ್ಷೆ ಆಗಬೇಕಾದರೆ ಚುಕ್ಕಿ ಕೆಂಪಿರಬೇಕು. ಇವರದು ಹಸಿರು."

"ಹಸಿರು ಖರೇನೋ ಸುಳ್ಳೋ ನೋಡಾಕನ ಸಾರ್ ಚುಚ್ಚಬೇಕಾಗಿರೋದು."

"ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ," ಎಂದ ಡಾಕ್ಟರ್. ಆತ ಕೆಟ್ಟವನಲ್ಲ. ಬರುವ ತಂಡಕ್ಕೆ ತೋರಿಸಲು ಬೆಲ್ಲ, ಕಡಲೆಬೀಜ, ನುಗ್ಗೆಸೊಪ್ಪಿನ ಚಿತ್ರಗಳನ್ನು ಆಗಲೇ ಗೋಡೆಗೆ ಅಂಟಿಸುತ್ತಿದ್ದ. "ಕುಬುಸದಲ್ಲಿ ಉಂಡೆ, ಸೊಪ್ಪು, ಹಣ್ಣು ತಿನ್ನಿಸ್ತೀರಲ್ಲ, ಅದರ ಫಲ ಅಂತ ನಾನು ವರದಿ ಬರೆದಿದ್ದೇನೆ. ನಿಮ್ಮ ಸಂಪ್ರದಾಯವೇ ಗೆದ್ದಿದೆ ಹಂಪಮ್ಮನವರೇ. ಸಂತೋಷಪಡಿ."

"ಒಂದು ದಿನ ಉಂಡಿ ತಿಂದದ್ದಕ್ಕ ರಕ್ತ ಏರೋದಾದರ ಈ ಕೇಂದ್ರ ಯಾಕ ಬೇಕು ಸಾರ್? ಮಿಠಾಯಿ ಅಂಗಡಿ ಸಾಕಲ್ಲ?"

ಆತ ಗಮ್ಮಿನ ಬಾಟಲಿಗೆ ಮುಚ್ಚಳ ಹಾಕಿದ.

ಮನೆಗೆ ಬಂದವಳೇ ಹಂಪಮ್ಮ ಸೊಸೆಯ ಎದುರು ಕುಳಿತಳು.

"ಖರೇ ಹೇಳು. ಯಾರ ಕೈಗೆ ಹಾಕ್ತೀ ಆ ಬಳಿ?"

ಹುಲಿಗೆಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಇನ್ನಷ್ಟು ಬಿಳಿಚಿತು.

"ಕುಬುಸದ ಬಳಿ ನಡುವ ಕೂತದ್ದನ್ನ ಬಿಚ್ಚಿ ಇನ್ನೊಬ್ಬಾಕಿಗೆ ಕೊಡ್ತೀನೇನ್ರೀ ಅತ್ತಿ? ನನ್ನ ಕೂಸಿನ ಮ್ಯಾಲೆ ನನಗ ಮಾಯ ಇಲ್ಲೇನ್ರೀ?"

"ಹಂಗಾರ ನಿನ್ನ ರಕ್ತ ಹೆಂಗ ಏರಿತು? ಊರಾಗ ಎಲ್ಲರಿಗಿಂತ ಮೊದಲು ನಿಂದ ಏರೈತಿ."

"ನನಗೇನು ಗೊತ್ರೀ? ಬಳಿ ಕೊಟ್ಟೋರು ನೀವು. ಚುಕ್ಕಿ ನೋಡೋರು ನೀವು. ನನಗ ಕಣ್ಣಿಗೆ ಕತ್ತಲಿ ಬರ್ತದ, ಎದಿ ಡವಡವ ಅಂತದ, ಅಷ್ಟ ಗೊತ್ತು. ಹೇಳಿದರ ಯಾರೂ ನಂಬಂಗಿಲ್ಲ. ನನ್ನ ಮಾತಿಗಿಂತ ಬಳಿ ಮಾತು ದೊಡ್ಡದಾಗೈತಿ ಈ ಮನ್ಯಾಗ." ಆಕೆ ಎರಡೂ ಕೈಯನ್ನು ಮುಂದಕ್ಕೆ ಚಾಚಿದಳು. "ನೋಡ್ರಿ. ನೋಡ್ರಿ, ಎಲ್ಲಿ ಕಳ್ಳತನ ಐತಿ ನೋಡ್ರಿ."

ಹಂಪಮ್ಮ ಕೈಯನ್ನು ನೋಡಲಿಲ್ಲ. ಬಹಳ ದಿನಗಳ ಮೇಲೆ ಹಳೆಯ ದಾದಿಯ ಹೆಬ್ಬೆರಳು ತಾನಾಗಿ ಮೇಲೆದ್ದು ಸೊಸೆಯ ಕೆಳರೆಪ್ಪೆಯನ್ನು ಎಳೆಯಿತು. ದಾಸವಾಳದ ಎಸಳಿನಂತಿರಬೇಕಾದ ಒಳಮೈ ತೊಳೆದಿಟ್ಟ ಅರಿವೆಯಂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೇಡ. ಆದರೆ ಇಷ್ಟು ದಿನ ಒಂದೇ ಮನೆಯಲ್ಲಿದ್ದು ಆಕೆ ಕನ್ನಡಿಯನ್ನೇ ನೋಡುತ್ತಿದ್ದಳು.

"ಅಳಬ್ಯಾಡ," ಎಂದಳು. ಅದಕ್ಕಿಂತ ಹೆಚ್ಚು ಮೆದುವಾದ ಮಾತು ಆಕೆಗೆ ಬರುತ್ತಿರಲಿಲ್ಲ. "ಕೊಟ್ರೇಶಾ, ನೀರು ತಂದು ಕೊಡು ಈಕಿಗೆ. ಸೋಮವಾರದ ಗಾಡಿ ಬ್ಯಾಡ ಅನ್ನು."

"ತವರಿನವರು ಏನಂದಾರು? ಚುಕ್ಕಿ ಹಸಿರಿದ್ದಾಕಿನ್ನ ಯಾಕ ಕಳಿಸಲಿಲ್ಲ ಅಂತ—"

"ಚುಕ್ಕಿನ್ನ ಕಳಿಸೋಣು. ಈಕಿ ಇಲ್ಲೇ ಇರ್ಲಿ."

ಹುಲಿಗೆಮ್ಮ ನಿಜ ಹೇಳಿದ್ದರೆ ಬಳೆ ಸುಳ್ಳು ಹೇಳುತ್ತಿದೆ. ಬಳೆ ಸುಳ್ಳು ಹೇಳುವುದು ಕೆಂಗುಡ್ಡದಲ್ಲಿ ಮಾತ್ರ, ಕುಬುಸದ ಬೆಳಗಿನಿಂದ ಮಾತ್ರ. ಆ ಬೆಳಿಗ್ಗೆ ಬಸುರಿಯ ಮುಂಗೈ ಮುಟ್ಟುವವಳು ಒಬ್ಬಳೇ. ಬಳೆಗಾರ್ತಿ ಮಾಬುಬಿ.

ಮಾಬುಬಿಯ ಅಂಗಡಿ ಮಸೀದಿ ಓಣಿಯ ತಿರುವಿನಲ್ಲಿತ್ತು. ಊರಿನ ಮೂರು ತಲೆಮಾರಿನ ಮುಂಗೈಗಳ ಅಳತೆ ಬಲ್ಲವಳು. ಹಂಪಮ್ಮ ಒಳಗೆ ಕಾಲಿಟ್ಟಾಗ ಆಕೆ ಸಣ್ಣ ಒಲೆಯ ಮೇಲೆ ಏನನ್ನೋ ಕರಗಿಸುತ್ತಿದ್ದಳು. ರಾಳದ ವಾಸನೆ ಬರುತ್ತಿತ್ತು.

"ಬರ್ರಿ ಅಕ್ಕಾ, ಬರ್ರಿ. ಸೊಸಿ ಹಡೆದಾಳೇನು?"

"ಇನ್ನೂ ಇಲ್ಲ. ಮಾಬುಬಿ, ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ. ಕುಬುಸದ ದಿನ ಸರಕಾರಿ ಬಳಿ ಅದಲುಬದಲು ಮಾಡ್ತೀಯೇನು?"

"ಅಲ್ಲಾ! ಅದನ್ನ ಅದಲುಬದಲು ಮಾಡಿ ನಾ ಏನು ಉಪ್ಪಿನಕಾಯಿ ಹಾಕ್ಲಾ?" ಮಾಬುಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಾ ಮಾಡೋದು ಇದೊಂದು, ನೋಡ್ರಿ."

ಆಕೆ ತಟ್ಟೆಯಿಂದ ಒಂದು ಬಳೆ ಎತ್ತಿ ತೋರಿಸಿದಳು. ಸರಕಾರಿ ಬಳೆಯೇ. ಆದರೆ ಬೂದಿ ಬಣ್ಣದ್ದಲ್ಲ. ಗಿಳಿಯ ಎದೆಯಂತೆ ಹಸಿರು. ಕರಗಿದ ಹಸಿರು ಅರಗನ್ನು ಒಳಗೂ ಹೊರಗೂ ತೆಳ್ಳಗೆ ಸುತ್ತಿ ಹಚ್ಚಿದ್ದಳು.

"ನಾಳೆ ಗೌಡರ ಓಣ್ಯಾಗ ಕುಬುಸ ಐತಿ. ಹೊಸಾ ಬಳಿ ಸಿಕ್ಕೈತಂತ, ಅರಗು ಹಚ್ಚಿ ಇಡು ಅಂತ ಮುಂಚೇನ ಕಳಿಸ್ಯಾರ."

"ಯಾರು ಹೇಳಿದರು ನಿನಗ ಹಿಂಗ ಮಾಡಂತ?" ಹಂಪಮ್ಮನ ದನಿ ಏರಿತು. "ಯಾರದ್ದಿದು ಬುದ್ಧಿ? ಸರಕಾರಿ ವಸ್ತು ಇದು!"

ಮಾಬುಬಿ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. "ಯಾರು ಅಂದರ? ನೀವ ಅಲ್ಲೇನ್ರಿ ಅಕ್ಕಾ!"

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಅರ್ಧ ಪ್ರಾಮಾಣಿಕ. ಹಂಪಮ್ಮ ಊರಿನವರ ಹೆಗಲನ್ನೆಲ್ಲ ತಡವಿದ್ದಳು, ತನ್ನದನ್ನು ಬಿಟ್ಟು. ಈಗ ನೆನಪಾಯಿತು. ಹುಲಿಗೆಮ್ಮನ ಕುಬುಸದ ಬೆಳಿಗ್ಗೆ. ಹಸಿರು ಬಳೆಗಳ ನಡುವೆ ಆ ಬೂದಿ ಬಣ್ಣ ಕಂಡು ಮುತ್ತೈದೆಯರು ಪಿಸುಗುಟ್ಟಿದ್ದರು. ಬೂದಿ ಬಣ್ಣದ ಬಳೆಯ ಕೈಗೆ ಆರತಿ ಎತ್ತುವುದೇ? ತುಂಬಿದ ಬಸುರಿಗೆ ಬೂದಿ ಕಾಣಬಾರದು. ಯಂತ್ರವನ್ನು ಬಿಚ್ಚಿ ಇಟ್ಟುಬಿಡುವುದು ನಿಯಮಕ್ಕೆ ವಿರುದ್ಧ. ಆಗ ಹಂಪಮ್ಮನೇ, ನಿಯಮವೂ ಉಳಿಯಲಿ ಶಾಸ್ತ್ರವೂ ಉಳಿಯಲಿ ಎಂದು ಜಾಣತನ ಮಾಡಿ, "ಮಾಬುಬಿ, ಇದಕ್ಕೊಂದಿಷ್ಟು ಹಸಿರು ಅರಗು ಹಚ್ಚು," ಎಂದಿದ್ದಳು. ಹೊರಗಷ್ಟೇ ಹಚ್ಚಿದರೆ ನಿಲ್ಲುವುದಿಲ್ಲ, ಸುತ್ತಿ ಬಂದರೇ ಅರಗು ಹಿಡಿಯುವುದು ಎಂದು ಮಾಬುಬಿ ಅಂದದ್ದಕ್ಕೂ ತಲೆಯಾಡಿಸಿ, ಗಳಿಗೆಯ ಮಟ್ಟಿಗೆ ಬಳೆಯನ್ನು ತಾನೇ ಬಿಚ್ಚಿಕೊಟ್ಟಿದ್ದಳು.

"ಕೇಂದ್ರದ ಹಂಪಮ್ಮನ ಮನ್ಯಾಗ ಹಚ್ಚಿಸ್ಯಾರ ಅಂದಮ್ಯಾಲೆ ಎಲ್ಲಾರೂ ಕೇಳಾಕತ್ತರು," ಎಂದಳು ಮಾಬುಬಿ. "ನೀವು ಹಚ್ಚಿಸಿದ್ದಕ್ಕನ ನಾ ಧೈರ್ಯ ಮಾಡಿದೆ. ತಪ್ಪಾತೇನ್ರೀ?"

ಬಳೆಯನ್ನು ಮಾಡಿದವರಿಗೆ ಅರ್ಧ ಸಂಪ್ರದಾಯ ಗೊತ್ತಿತ್ತು: ಬಸುರಿ ಬಳೆ ಬಿಚ್ಚುವುದಿಲ್ಲ. ಉಳಿದರ್ಧ ಗೊತ್ತಿರಲಿಲ್ಲ: ಆ ಬಳೆ ಹಸಿರಿರಬೇಕು. ಹಂಪಮ್ಮನಿಗೆ ಎರಡೂ ಗೊತ್ತಿದ್ದವು. ಗೊತ್ತಿದ್ದವಳೇ ತಾಳೆ ನೋಡಿರಲಿಲ್ಲ.

ಆಕೆ ತಟ್ಟೆಯಲ್ಲಿ ಮುರಿದು ಬಿದ್ದಿದ್ದ ಹಸಿರು ಅರಗಿನ ತುಣುಕೊಂದನ್ನು ಎತ್ತಿ, ಅದರ ಮೂಲಕ ಒಲೆಯ ಕೆಂಡವನ್ನು ನೋಡಿದಳು. ಕೆಂಡ ಕಪ್ಪಾಗಿ ಕಂಡಿತು. ಹಸಿರು, ಕೆಂಪನ್ನು ನುಂಗಿತ್ತು; ನುಂಗಿದ್ದು ರಕ್ತವೇ ಎಂದು ಬಳೆ ತಿಳಿದಿತ್ತು.

"ಈ ಬಳಿ, ಈ ತುಣುಕು ಒಂದು ಗಳಿಗೆ ಒಯ್ತೀನಿ," ಎಂದಳು.

ಮನೆಯಲ್ಲಿ ಮಧ್ಯಾಹ್ನದ ಬಿಳಿಜೋಳದ ಮುದ್ದೆ ಆಗತಾನೆ ಇಳಿದಿತ್ತು. ಕೊಟ್ರೇಶ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಅವ್ವ ಅವನ ಮುದ್ದೆಯನ್ನು ಎತ್ತಿ, ಒದ್ದೆ ಕೈಯಲ್ಲಿ ಉದ್ದಕ್ಕೆ ಹೊಸೆದು, ಮೈ ಬಿಸಿಯಷ್ಟಾಗುವವರೆಗೆ ಆರಿಸಿ, ಅದಕ್ಕೆ ಬಳೆ ತೊಡಿಸಿದಳು.

"ಅವ್ವಾ, ಮುದ್ದಿಗೆ ಕುಬುಸ ಮಾಡಾಕತ್ತೀಯೇನು?"

"ಸುಮ್ಮನ ಕೂಡು." ಆಕೆ ಪಾಲಾಕ್ಷನಿಗೆ ಫೋನು ಹಚ್ಚಿ ಹೊಸ ಬಳೆಯ ಗುರುತು ಹೇಳಿದಳು. "ಏನು ತೋರಿಸ್ತದ?"

ಅತ್ತ ಪಾಲಾಕ್ಷ ಕೀಲಿಮಣೆ ಒತ್ತಿದ. "ಹಸಿರು ಚುಕ್ಕಿ ಬಂತ್ರೀ. ರಕ್ತ ಭರ್ಜರಿ ಐತಿ. ಯಾರ್ರೀ ಈ ಗಟ್ಟಿ ಹೆಣ್ಮಗಳು?"

"ನನ್ನ ಮಗನ ಮುದ್ದಿ."

ಹಂಪಮ್ಮ ಚಾಕುವಿನ ತುದಿಯಿಂದ ಒಳಗಣ್ಣಿನ ಮೇಲಿನ ಅರಗನ್ನು ಕೆರೆದು ಮತ್ತೆ ತೊಡಿಸಿದಳು. ಪಾಲಾಕ್ಷ ಅಂದ: "ಈಗ ಕೆಂಪಾತ್ರೀ. ರಕ್ತ ಅನ್ನೋದ ಇಲ್ಲ ಅಂತದ."

ಊಟದ ತಟ್ಟೆಯ ಮುಂದೆ ಕೊಟ್ರೇಶ ನಗು ಮರೆತು ಕುಳಿತಿದ್ದ. ಅವನ ಕಣ್ಣು ಮೆಲ್ಲಗೆ ಹೆಂಡತಿಯ ಮುಂಗೈಯತ್ತ ಹೋಯಿತು.

ಹುಲಿಗೆಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಕೆರೀಬ್ಯಾಡ್ರಿ ಅತ್ತಿ. ಹಡಿಯೋ ಮುಂಚೆ ಹಸಿರು ತಗದರ ಕೂಸಿಗೆ..." ಮಾತು ಪೂರ್ತಿ ಮಾಡಲಿಲ್ಲ. ಭಯಕ್ಕೆ ಮಾತು ಪೂರ್ತಿಯಾಗಬೇಕಾಗಿಲ್ಲ.

ಹಂಪಮ್ಮ ಚಾಕುವನ್ನು ಕೆಳಗಿಟ್ಟಳು. ವಾದಿಸಬಹುದಿತ್ತು. ಬೆಳಕಿನ ಲೆಕ್ಕ ಹೇಳಬಹುದಿತ್ತು. ಹೇಳುವ ಯೋಗ್ಯತೆ ತನಗಿದೆಯೇ ಎಂದು ಆಕೆಗೇ ಅನುಮಾನವಿತ್ತು. ಕೊಟ್ರೇಶನನ್ನು ಕಳಿಸಿ ಮಾಬುಬಿಯನ್ನು ಕರೆಸಿದಳು.

ಮಾಬುಬಿ ಬಂದು, ಎಲ್ಲ ಕೇಳಿ, ಹುಲಿಗೆಮ್ಮನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಹುಚ್ಚಿ, ಬಳಿ ಒಡೀತೀನೇನು ನಾನು? ಹೊರಗಿನ ಹಸಿರು ಹಂಗ ಇರ್ತದ, ನೋಡೋರಿಗೆ. ಒಳಗ ಒಂದು ಸಾಸಿವಿಕಾಳಿನಷ್ಟು ಕಿಟಕಿ ಬಿಡ್ತೀನಿ. ನಿನ್ನ ರಕ್ತ ಅದರಾಗ ಹಣಿಕಿ ನೋಡ್ಲಿ. ಕಿಟಕಿ ಇಲ್ಲದ ಮನ್ಯಾಗ ಯಾರರ ಹಡೀತಾರೇನು?"

ಹುಲಿಗೆಮ್ಮ ನಕ್ಕಳು, ನಗುವಷ್ಟು ಉಸಿರೂ ಆಕೆಗೆ ಕಷ್ಟವಾಗಿತ್ತು. ಮಾಬುಬಿ ಸೂಜಿಯ ಮೊನೆಯಿಂದ ಅರಗಿನ ಸಿಪ್ಪೆ ತೆಗೆದಳು. ಹಂಪಮ್ಮನ ಫೋನಿನಲ್ಲಿ ಹಸಿರು ಚುಕ್ಕಿ ಹಳದಿಯಲ್ಲಿ ನಿಲ್ಲದೆ ನೇರವಾಗಿ ಕಡುಗೆಂಪಿಗೆ ಇಳಿಯಿತು. ಒಮ್ಮೆಗೇ ಇಳಿದದ್ದರಿಂದ ಯಂತ್ರ ನಿಯಮದಂತೆ ಮನೆಗೆ ಫೋನು ಹಚ್ಚಿ, ಬಳೆ ಸರಿಯಾಗಿ ಧರಿಸಿದ್ದೀರಾ ಎಂದು ಕೇಳಿತು.

"ಈಗ ಸರಿಯಾಗಿ ಧರಿಸೀವಿ," ಎಂದ ಕೊಟ್ರೇಶ.

ವ್ಯಾನು ಹೊರಟ ಸುದ್ದಿ ಬರುವವರೆಗೂ ಹಂಪಮ್ಮ ಕೂರಲಿಲ್ಲ. ಬಂದ ಮೇಲೆ ಉಳಿದ ಮುದ್ದೆಯನ್ನು ಬಳೆಯ ಸಮೇತ ಬಿಸಿಪೆಟ್ಟಿಗೆಯಲ್ಲಿಟ್ಟು ನಿಯಂತ್ರಣ ಕೊಠಡಿಗೆ ಒಯ್ದಳು. ಡಾಕ್ಟರ್ ಮುರುಗೇಂದ್ರನ ಮೇಜಿನ ಮೇಲೆ, ವರದಿಯ ಪಕ್ಕದಲ್ಲಿ, ಅದನ್ನು ಇರಿಸಿದಳು. ಬಳೆಯ ಒಳಗಣ್ಣಿಗೆ ಅರಗಿನ ತುಣುಕು ಅಡ್ಡವಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಫಲಕದಲ್ಲಿ ಚುಕ್ಕಿ ಹಸಿರಾಯಿತು, ಕೆಂಪಾಯಿತು, ಹಸಿರಾಯಿತು.

ಡಾಕ್ಟರ್ ಬಹಳ ಹೊತ್ತು ಮುದ್ದೆಯನ್ನು ನೋಡಿದ. "ಯಾರು ಹಚ್ಚಿಸಿದ್ದು ಇದನ್ನ ಮೊದಲು?"

"ನಾನು."

ಆತ ತಲೆಯೆತ್ತಿದ. ಹಂಪಮ್ಮ ಮುಖ ತಿರುಗಿಸಲಿಲ್ಲ.

"ನನ್ನ ಮ್ಯಾಲೆ ಏನು ಬರೀಬೇಕೋ ಆಮ್ಯಾಲೆ ಬರೀರಿ ಸಾರ್. ಮೊದಲು ವ್ಯಾನು ಕಳಿಸ್ರಿ. ಹಸಿರು ಅಂತ ಕೈ ಬಿಟ್ಟೋರಾಗ ಯಾರಿಗೆ ಯಾವಾಗ ಹಡಿಯೋ ಬ್ಯಾನಿ ಬರ್ತಾವೋ."

"ತಂಡ ಬರೋ ಹೊತ್ತಿಗೆ ನಮ್ಮ ಫಲಕ..."

"ಕೆಂಪಾಗಿರ್ತದ ಸಾರ್. ಖರೇ ಇರ್ತದ."

ಡಾಕ್ಟರ್ ವರದಿಯನ್ನು ತೆಗೆದು ಮುದ್ದೆಯ ಕೆಳಗೆ ಹಾಸಿದ, ಮೇಜು ಕೊಳೆಯಾಗದಿರಲೆಂದು. ಆಮೇಲೆ ವ್ಯಾನುಗಳಿಗೆ ಫೋನು ಎತ್ತಿಕೊಂಡ.

ಮಾಬುಬಿ ಸೂಜಿ ಹಿಡಿದು ಓಣಿ ಓಣಿ ತಿರುಗಿದಳು. ಹಂಪಮ್ಮ ಹೇಳಿದ್ದರೆ ಬಾಗಿಲು ತೆರೆಯದವರು ಬಳೆಗಾರ್ತಿಯ ಮುಂದೆ ಕೈ ಚಾಚಿದರು. ಫಲಕದ ಮೇಲೆ ಕೆಂಗುಡ್ಡ ಒಂದೊಂದೇ ಚುಕ್ಕಿಯಾಗಿ ಕೆಂಪಾಗುತ್ತ ಹೋಯಿತು. ಗುಡ್ಡದ ಬಣ್ಣ ಊರಿಗೂ ಇಳಿದಂತೆ. ಪೇಢೆ ತಿಂದವರೆಲ್ಲ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು. ಒಬ್ಬ ಹೆಂಗಸು ಕೆರೆಸಿಕೊಂಡ ಸಂಜೆಯೇ ನೋವು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋದಳು. ಹೆತ್ತ ಮೇಲೆ ಆಕೆಗೆ ಮೇಲಿಂದ ಮೇಲೆ ರಕ್ತ ಕೊಡಬೇಕಾಯಿತು. ಬದುಕಿದಳು. ಆಕೆಯ ಚುಕ್ಕಿ ಹಸಿರೇ ಉಳಿದಿದ್ದರೆ ಎಲ್ಲಿ ಹೆರಬೇಕಾಗಿತ್ತೆಂಬುದನ್ನು ಹಂಪಮ್ಮ ಫಲಕದಲ್ಲಿ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಲಿಲ್ಲ.

ಹುಲಿಗೆಮ್ಮನಿಗೆ ಕಬ್ಬಿಣದ ಹನಿ ಮತ್ತೆ ಏರತೊಡಗಿತು. ತವರಿನವರೇ ಹೊಳೆ ದಾಟಿ ಬಂದು ಕುಳಿತರು. ಮನೆಯಲ್ಲಿ ಎರಡು ಪದ್ಧತಿ ಬದಲಾದವು: ಮೊದಲ ತಟ್ಟೆ ಬಸುರಿಗೆ, ಗುಳಿಗೆಯ ಹೊತ್ತಿಗೆ ಚಹಾದ ಪಾತ್ರೆ ಒಲೆ ಹತ್ತುವಂತಿಲ್ಲ. ಮೂರನೆಯದೂ ಒಂದಿತ್ತು. ಕೊಟ್ರೇಶ ಬೆಳಿಗ್ಗೆದ್ದು ಫೋನಿಗಿಂತ ಮೊದಲು ಹೆಂಡತಿಯ ಮುಖ ನೋಡುತ್ತಿದ್ದ. ಹಂಪಮ್ಮ ಇದನ್ನೂ ಕೆಲವು ದಿನ ಅನುಮಾನದಿಂದಲೇ ಗಮನಿಸಿದಳು.

ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೆ ಹೊರಡುವ ದಿನ ಬಂತು. ಗಂಟು ಕಟ್ಟುತ್ತಿದ್ದ ಹಂಪಮ್ಮನಿಗೆ ಸಾರಿನ ಪುಡಿಯ ಡಬ್ಬಿಯ ಹಿಂದೆ ಕೈ ತಾಗಿತು. ಬಳಪದ ಪೊಟ್ಟಣ. ತೆರೆದು ನೋಡಿದಳು. ಒಂದು ತುಂಡಿನಲ್ಲಿ ಹಲ್ಲಿನ ಗುರುತು ಹೇಗಿತ್ತೋ ಹಾಗೆಯೇ ಇತ್ತು. ಅದರ ಮೇಲೆ ಕೆಂಪು ಧೂಳು ಕುಳಿತಿತ್ತು. ಉಳಿದವು ಮುಟ್ಟಿದವೇ ಅಲ್ಲ.

"ಇದನ್ನೂ ಗಂಟಿನ್ಯಾಗ ಇಡ್ಲೇನವ್ವಾ?" ಎಂದು ಕೇಳಿದಳು, ಪರೀಕ್ಷಿಸುವ ದನಿಯಲ್ಲಿ.

ಹುಲಿಗೆಮ್ಮ ಮೂಗು ಮುರಿದಳು. "ಥೂ! ಬ್ಯಾಡ್ರಿ ಅತ್ತಿ. ಮೊನ್ನೆ ನಾಲಿಗಿಗೆ ಹಚ್ಚಿದೆ, ಮಣ್ಣು ಮಣ್ಣು ಅಂತದ. ಹೆಂಗ ತಿಂತಿದ್ನೋ ಏನೋ."

ಹಂಪಮ್ಮ ಪೊಟ್ಟಣವನ್ನು ಮಡಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೊಸೆಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಬಿಟ್ಟಳು.

ಫೋನಿನ ಚುಕ್ಕಿಯನ್ನು ಆಮೇಲೆ ನೋಡಿದಳು.